ಕಾಮಿಕ್ಸ್ ಮತ್ತು ಸಲಿಂಗಿ ಪಾತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಮಿಕ್ಸ್ ಓದುವವರ ಮಾತುಕತೆಯಲ್ಲಿ, ಅವರು ಬರೆಯುವ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಸ್ವಲ್ಪ ಆಳದವು. ಹೆಚ್ಚಿನ ಉತ್ತರಗಳು ಅಮೆರಿಕದ ಸುತ್ತಲೇ ಇವೆ. ಸಲಿಂಗಿ ಪಾತ್ರಗಳನ್ನು ನಿಯಮ ಬರೆದು ಹೊರಗಿಟ್ಟದ್ದು ಅಲ್ಲಿನ ಉದ್ಯಮ. ಹಟ ಹಿಡಿದು ಒಳಗೆ ತಂದವರೂ ಅಲ್ಲಿನ ಕಲಾವಿದರೇ.

## ಶುರುವಿನ ಪ್ರಶ್ನೆಗಳು

ಕಾಮಿಕ್ಸ್ ಅಂದ್ರೆ ಮಕ್ಕಳ ಪುಸ್ತಕ ತಾನೇ? ದೊಡ್ಡವರು ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ?

ಅದು ಬರೀ ಮಕ್ಕಳ ಪುಸ್ತಕ ಆಗಿದ್ದ ಕಾಲ ಬಹಳ ಕಡಿಮೆ. 1938ರಲ್ಲಿ ‘ಆಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆ ಬಂತು. ಬೆಲೆ 10 ಸೆಂಟ್. ಅದರ ಮುಖಪುಟದಲ್ಲಿ ಕಾರನ್ನು ಎತ್ತಿ ಹಿಡಿದಿದ್ದವನು ಸೂಪರ್‌ಮನ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಕಾಮಿಕ್ಸ್ ಓದುತ್ತಿದ್ದರು. ಯುದ್ಧ ಮುಗಿದ ಮೇಲೆ ಪ್ರೇಮಕಥೆ, ಕ್ರೈಮ್, ದೆವ್ವದ ಕಥೆಗಳ ಪುಸ್ತಕಗಳು ಅಂಗಡಿ ತುಂಬಿದವು. ಅವನ್ನು ಕೊಳ್ಳುತ್ತಿದ್ದವರಲ್ಲಿ ದೊಡ್ಡವರೂ ಬೇಕಾದಷ್ಟಿದ್ದರು.

ಪುಟದಿಂದ ಹೊರಗೆ ಬಂದ ಮೇಲೆ ಈ ಪಾತ್ರಗಳಿಗೆ ಇನ್ನೂ ಜಾಸ್ತಿ ಬಲ ಬಂತು. 1946ರಲ್ಲಿ ಸೂಪರ್‌ಮನ್‌ನ ರೇಡಿಯೊ ಧಾರಾವಾಹಿ ಕು ಕ್ಲಕ್ಸ್ ಕ್ಲಾನ್ ಎಂಬ ಜನಾಂಗದ್ವೇಷಿ ಸಂಘಟನೆಯ ಥರದ ಗುಂಪೊಂದನ್ನು ಖಳನಾಗಿ ಇಟ್ಟುಕೊಂಡು ಕಥೆ ಹೇಳಿತು. ಮನೆಮನೆಯಲ್ಲಿ ಮಕ್ಕಳು ರೇಡಿಯೊ ಮುಂದೆ ಕೂತು ಜನಾಂಗದ್ವೇಷದ ವಿರುದ್ಧ ಕಥೆ ಕೇಳಿದರು. ಇಷ್ಟು ಜನರನ್ನು ಮುಟ್ಟುವ ಕಥೆಗಳಲ್ಲಿ ಯಾರಿಗೆ ಜಾಗ ಇದೆ, ಯಾರಿಗೆ ಇಲ್ಲ ಅನ್ನುವುದು ಸಣ್ಣ ವಿಷಯ ಅಲ್ಲ.

ಕಾಮಿಕ್ಸ್, ಗ್ರಾಫಿಕ್ ನಾವೆಲ್, ಮಾಂಗಾ, ಮೂರಕ್ಕೂ ಏನು ವ್ಯತ್ಯಾಸ?

ಮೂರೂ ಚಿತ್ರಕಥೆಗಳೇ. ತಿಂಗಳಿಗೊಮ್ಮೆ ಬರುವ ತೆಳು ಸಂಚಿಕೆಯನ್ನು ಕಾಮಿಕ್ಸ್ ಅನ್ನುತ್ತಾರೆ. ಒಂದೇ ಪುಸ್ತಕವಾಗಿ ಬರುವ ದೀರ್ಘ ಕಥೆ ಗ್ರಾಫಿಕ್ ನಾವೆಲ್. ಜಪಾನಿನದ್ದು ಮಾಂಗಾ, ಬಲದಿಂದ ಎಡಕ್ಕೆ ಓದಬೇಕು. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ನಾವು ಓದಿ ಬೆಳೆದದ್ದು ಅಮರ ಚಿತ್ರಕಥೆ. ಅದಕ್ಕೂ ಅಮೆರಿಕದ ಕಾಮಿಕ್ಸ್‌ಗೂ ಏನಾದ್ರೂ ಸಂಬಂಧ ಇದೆಯಾ?

ಇದೆ, ಅದೂ ಬೆಂಗಳೂರಿನ ಮೂಲಕ. ಅಮರ ಚಿತ್ರಕಥೆಯ ಇಂಗ್ಲಿಷ್ ಸರಣಿಯಲ್ಲಿ ಅನಂತ ಪೈ ಅವರ ‘ಕೃಷ್ಣ’ ಹನ್ನೊಂದನೇ ಸಂಚಿಕೆ. ಮೊದಲ ಹತ್ತು ಎಲ್ಲಿ ಹೋದವು ಅಂತ ಕೇಳುವವರು ಬಹಳ ಜನ. ಆ ಹತ್ತೂ ಸಿಂಡ್ರೆಲಾ ಥರದ ಪಶ್ಚಿಮದ ಕಥೆಗಳು, 1965ರ ಹೊತ್ತಿಗೆ ಕನ್ನಡದಲ್ಲಿ ಬಂದಿದ್ದವು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಪ್ರಯತ್ನ ಅದು. ಅನಂತ ಪೈ ಕೂಡ ನಮ್ಮ ಕಾರ್ಕಳದವರೇ. ಇದನ್ನು ಹೇಳುವಾಗ ನನಗೆ ಪ್ರತಿ ಸಲ ಖುಷಿಯಾಗುತ್ತದೆ, ಯಾಕೆಂದರೆ ಈ ಭಾಗವನ್ನು ನೆನೆಸಿಕೊಳ್ಳುವವರೇ ಕಡಿಮೆ.

## ಹಳೆಯ ಗಲಾಟೆಗಳು

ಬ್ಯಾಟ್‌ಮನ್ ಮತ್ತು ರಾಬಿನ್ ಬಗ್ಗೆ ಎಲ್ಲರೂ ಒಂದು ಜೋಕ್ ಮಾಡ್ತಾರಲ್ಲ, ಅದು ಎಲ್ಲಿಂದ ಬಂತು?

ಅದು ಜೋಕ್ ಆಗಿ ಹುಟ್ಟಿದ್ದಲ್ಲ, ಆರೋಪವಾಗಿ ಹುಟ್ಟಿದ್ದು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯ ಕಾಮಿಕ್ಸ್ ವಿರುದ್ಧ ಒಂದು ಪುಸ್ತಕ ಬರೆದ. ಬ್ಯಾಟ್‌ಮನ್ ಮತ್ತು ರಾಬಿನ್ ಒಟ್ಟಿಗೆ ಬದುಕುವ ಇಬ್ಬರು ಸಲಿಂಗಿಗಳ ಕನಸಿನಂತಿದ್ದಾರೆ, ಇದನ್ನು ಓದಿದ ಹುಡುಗರು ಹಾಳಾಗುತ್ತಾರೆ ಎಂದ. ವಂಡರ್ ವುಮನ್‌ಳನ್ನು ಲೆಸ್ಬಿಯನ್ ಎಂದ. ಆ ಕಾಲದಲ್ಲಿ ಅಮೆರಿಕದಲ್ಲಿ ಸಲಿಂಗಿ ಅನ್ನುವ ಗುಮಾನಿ ಒಂದೇ ಸಾಕಿತ್ತು, ಸರ್ಕಾರಿ ಕೆಲಸ ಹೋಗುತ್ತಿತ್ತು.

ವರ್ಥಮ್‌ನನ್ನು ಸುಮ್ನೆ ಖಳನಾಯಕ ಅಂದುಬಿಡುವುದೂ ನ್ಯಾಯ ಅಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಜನರಿಗಾಗಿ ಬಹಳ ಕಡಿಮೆ ದುಡ್ಡಿಗೆ ಮಾನಸಿಕ ಚಿಕಿತ್ಸೆ ಕೊಡುವ ಕ್ಲಿನಿಕ್ ನಡೆಸಿದವನು ಅವನು. ಬಿಳಿ ಮತ್ತು ಕಪ್ಪು ಮಕ್ಕಳಿಗೆ ಬೇರೆ ಬೇರೆ ಶಾಲೆ ಇರಬಾರದು ಎಂಬ ಮೊಕದ್ದಮೆಯಲ್ಲಿ ಅವನ ಸಾಕ್ಷ್ಯ ಕೆಲಸಕ್ಕೆ ಬಂದಿತ್ತು. ಆದರೆ ಕಾಮಿಕ್ಸ್ ವಿಷಯದಲ್ಲಿ ಅವನು ಮೋಸ ಮಾಡಿದ. ಅವನ ಕಾಗದಪತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ತೆರೆದ ಮೇಲೆ ಕ್ಯಾರಲ್ ಟಿಲ್ಲಿ ಎಂಬ ಸಂಶೋಧಕಿ ಅವನ್ನು ಪುಸ್ತಕದ ಜೊತೆ ಹೋಲಿಸಿ ನೋಡಿದರು. 2012ರಲ್ಲಿ ಅವರ ಲೇಖನ ಬಂತು. ಬ್ಯಾಟ್‌ಮನ್ ಬಗ್ಗೆ ಒಬ್ಬ ಹುಡುಗ ಹೇಳಿದ ಅಂತ ಪುಸ್ತಕದಲ್ಲಿದ್ದದ್ದು ನಿಜಕ್ಕೂ ಇಬ್ಬರು ಹುಡುಗರ ಮಾತು. ಅವರಿಬ್ಬರೂ ಆಗಲೇ ಜೋಡಿಯಾಗಿದ್ದರು. ಟಾರ್ಜನ್, ಸಬ್-ಮ್ಯಾರಿನರ್ ಕಥೆಗಳು ಇನ್ನೂ ಇಷ್ಟ ಅಂತಲೂ ಹೇಳಿದ್ದರು. ಆ ಸಾಲುಗಳನ್ನು ವರ್ಥಮ್ ಬಿಟ್ಟುಬಿಟ್ಟಿದ್ದ.

ಆ ಇಬ್ಬರು ಹುಡುಗರ ಬಗ್ಗೆ ಯೋಚಿಸಿದರೆ ನನಗೆ ಸಂಕಟವಾಗುತ್ತದೆ. ನಂಬಿಕೆಯಿಂದ ಡಾಕ್ಟರ ಹತ್ತಿರ ಹೇಳಿಕೊಂಡ ಮಾತು ಅವರಂಥವರ ಮೇಲೆಯೇ ಬಾಗಿಲು ಹಾಕಲು ಬಳಕೆಯಾಯಿತು.

ಕಾಮಿಕ್ಸ್ ಕೋಡ್ ಅಂತಾರಲ್ಲ, ಅದು ಸರ್ಕಾರದ ಕಾನೂನಾ?

ಅಲ್ಲ. ಅದಕ್ಕೇ ಅದು ಅಷ್ಟು ಬಿಗಿಯಾಗಿತ್ತು. 1954ರ ಏಪ್ರಿಲ್‌ನಲ್ಲಿ ಅಮೆರಿಕದ ಸೆನೆಟ್ ಉಪಸಮಿತಿ ಕಾಮಿಕ್ಸ್ ಬಗ್ಗೆ ವಿಚಾರಣೆ ನಡೆಸಿತು. ದೆವ್ವದ ಕಥೆಗಳ ಪ್ರಕಾಶಕ ವಿಲಿಯಂ ಗೇನ್ಸ್ ಸಾಕ್ಷಿ ಹೇಳಲು ಹೋದ. ಕತ್ತರಿಸಿದ ಹೆಣ್ಣಿನ ತಲೆ ಇದ್ದ ಮುಖಪುಟವನ್ನು ತೋರಿಸಿ ಇದು ಒಳ್ಳೆಯ ಅಭಿರುಚಿಯೇ ಎಂದು ಕೇಳಿದರು. ದೆವ್ವದ ಕಾಮಿಕ್ಸ್‌ಗೆ ಸರಿಯಾಗಿದೆ ಎಂದ. ಮಾರನೇ ದಿನ ಪತ್ರಿಕೆಗಳಲ್ಲಿ ಅದೇ ಸುದ್ದಿ. ಸರ್ಕಾರ ಕಾನೂನು ತರುವ ಮೊದಲು ನಾವೇ ನಿಯಮ ಮಾಡಿಕೊಳ್ಳೋಣ ಎಂದು ಪ್ರಕಾಶಕರು ಆ ವರ್ಷವೇ ಕೋಡ್ ಬರೆದುಕೊಂಡರು.

ಮುಖಪುಟದ ಮೂಲೆಯಲ್ಲಿ ಅಂಚೆಚೀಟಿ ಗಾತ್ರದ ಒಂದು ಮುದ್ರೆ. ಚೀಟಿಯಂತೆಯೇ ಅದಕ್ಕೆ ಹಲ್ಲುಹಲ್ಲಾದ ಅಂಚು, ಒಳಗೆ ಪ್ರಾಧಿಕಾರದ ಒಪ್ಪಿಗೆ ಇದೆ ಎಂಬ ಬರಹ. ಅದಿಲ್ಲದ ಪುಸ್ತಕವನ್ನು ಹೆಚ್ಚಿನ ಸಗಟು ವಿತರಕರು ಮುಟ್ಟುತ್ತಿರಲಿಲ್ಲ. ಕಟ್ಟು ಬಿಚ್ಚದೆ ವಾಪಸ್ ಕಳಿಸಿಬಿಡುತ್ತಿದ್ದರು. ಯಾರೂ ಜೈಲಿಗೆ ಹೋಗಬೇಕಾಗಿರಲಿಲ್ಲ, ಪುಸ್ತಕ ಅಂಗಡಿಗೆ ಬರುತ್ತಿರಲಿಲ್ಲ ಅಷ್ಟೇ. ಆ ಕೋಡ್‌ನಲ್ಲಿ ‘ಲೈಂಗಿಕ ವಿಕೃತಿ’ಯ ಸುಳಿವು ಕೂಡ ಇರಬಾರದು ಎಂಬ ಸಾಲಿತ್ತು. ಸಲಿಂಗಿಗಳನ್ನು ಹೊರಗಿಟ್ಟದ್ದು ಆ ಸಾಲೇ. ಅದು 1989ರವರೆಗೆ ಉಳಿಯಿತು.

ಅಂದ್ರೆ 35 ವರ್ಷ ಕಾಮಿಕ್ಸ್‌ನಲ್ಲಿ ಸಲಿಂಗಿಗಳೇ ಇರಲಿಲ್ವಾ?

ದೊಡ್ಡ ಕಂಪನಿಗಳ ಪುಟಗಳಲ್ಲಿ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಆದರೆ ಕೋಡ್ ಬೇಕಾಗಿದ್ದದ್ದು ಪೇಪರ್ ಅಂಗಡಿಗೆ ಹೋಗುವ ಪುಸ್ತಕಕ್ಕೆ ಮಾತ್ರ. 1960ರ ದಶಕದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊದಂಥ ಊರುಗಳಲ್ಲಿ ಹಿಪ್ಪಿಗಳ ಅಂಗಡಿಗಳಲ್ಲಿ ಕೋಡ್ ಇಲ್ಲದ ಕಪ್ಪು-ಬಿಳುಪು ಪುಸ್ತಕಗಳು ಮಾರಾಟಕ್ಕೆ ಬಂದವು. ಅದನ್ನು ‘ಅಂಡರ್‌ಗ್ರೌಂಡ್’ ಎನ್ನುತ್ತಾರೆ. ಅಲ್ಲೂ ಗಂಡಸರದ್ದೇ ದರ್ಬಾರು. ಹೆಂಗಸರು ಸೇರಿ 1972ರಲ್ಲಿ ‘ವಿಮೆನ್ಸ್ ಕಾಮಿಕ್ಸ್’ ಶುರು ಮಾಡಿದರು. ಮೊದಲ ಸಂಚಿಕೆಯಲ್ಲೇ ಟ್ರೀನಾ ರಾಬಿನ್ಸ್ ಒಬ್ಬ ಲೆಸ್ಬಿಯನ್ ಹುಡುಗಿಯ ಕಥೆ ಬರೆದರು.

ಅದನ್ನು ಓದಿದ ಮೇರಿ ವಿಂಗ್ಸ್‌ಗೆ ಸಮಾಧಾನ ಆಗಲಿಲ್ಲ. ಸ್ವತಃ ಲೆಸ್ಬಿಯನ್ ಆಗಿದ್ದ ಅವರಿಗೆ ಇದು ಹೊರಗಿನವರು ಬರೆದ ಕಥೆ ಅನ್ನಿಸಿತು. 1973ರಲ್ಲಿ ತಮ್ಮದೇ ಪುಸ್ತಕ ಬರೆದು, ಚಿತ್ರ ಹಾಕಿ, ತಾವೇ ಅಚ್ಚು ಹಾಕಿಸಿದರು. 1980ರಲ್ಲಿ ಹೊವರ್ಡ್ ಕ್ರೂಸ್ ಸಂಪಾದಕತ್ವದಲ್ಲಿ ‘ಗೇ ಕಾಮಿಕ್ಸ್’ ಬಂತು. ಅದರಲ್ಲಿ ಬಾಡಿಗೆ ಕಟ್ಟುವವರು, ಪ್ರೀತಿ ಮುರಿದವರು, ಅಪ್ಪ-ಅಮ್ಮನಿಗೆ ಹೇಗೆ ಹೇಳುವುದು ಎಂದು ಒದ್ದಾಡುವವರು ಇದ್ದರು. ನನ್ನ ಪ್ರಕಾರ ಈ ಇಡೀ ಇತಿಹಾಸದ ತಿರುವು ಇಲ್ಲೇ ಇದೆ. ಆಮೇಲೆ ಬಂದ ಸೂಪರ್‌ಹೀರೋಗಳೆಲ್ಲ ಈ ಸಣ್ಣ ಪುಸ್ತಕಗಳು ಮಾಡಿಕೊಟ್ಟ ದಾರಿಯಲ್ಲಿ ನಡೆದವರು.

ಕೋಡ್ ಯಾವಾಗ ಹೋಯ್ತು?

ನಿಧಾನವಾಗಿ ಸವೆಯಿತು. ಮಾದಕ ವಸ್ತುಗಳ ವಿರುದ್ಧ ಕಥೆ ಬರೆಯಿರಿ ಎಂದು ಸರ್ಕಾರದ ಇಲಾಖೆಯೇ ಕೇಳಿಕೊಂಡಿತು. 1971ರಲ್ಲಿ ಮಾರ್ವೆಲ್ ಕಂಪನಿಯ ಬರಹಗಾರ ಸ್ಟ್ಯಾನ್ ಲೀ ಸ್ಪೈಡರ್‌ಮನ್‌ನ ಮೂರು ಸಂಚಿಕೆಗಳಲ್ಲಿ ಆ ಕಥೆ ತಂದರು. ಕೋಡ್ ಒಪ್ಪಲಿಲ್ಲ, ಮುದ್ರೆ ಇಲ್ಲದೆಯೇ ಮಾರಾಟವಾಯಿತು. 1970ರ ದಶಕದಲ್ಲಿ ಕಾಮಿಕ್ಸ್‌ಗೇ ಮೀಸಲಾದ ಅಂಗಡಿಗಳು ಹುಟ್ಟಿಕೊಂಡವು. ಅವು ವಾಪಸ್ ಕೊಡುವ ಷರತ್ತಿಲ್ಲದೆ ಪುಸ್ತಕ ಕೊಳ್ಳುತ್ತಿದ್ದವು, ಮುದ್ರೆಯನ್ನು ಕೇಳುತ್ತಿರಲಿಲ್ಲ. ಕೋಡ್‌ಗೆ ನಿಜವಾದ ಪೆಟ್ಟು ಬಿದ್ದದ್ದು ಅಲ್ಲಿ. ಮಾರ್ವೆಲ್ 2001ರಲ್ಲಿ ಹೊರಬಂತು. ಸೂಪರ್‌ಮನ್, ಬ್ಯಾಟ್‌ಮನ್ ಪ್ರಕಟಿಸುವ ಡಿಸಿ ಮತ್ತು ಆರ್ಚಿ ಕಂಪನಿಗಳು 2011ರ ಜನವರಿಯಲ್ಲಿ ಕೈಬಿಟ್ಟವು.

## ಪಾತ್ರಗಳ ಬಗ್ಗೆ

ಮೊದಲ ಗೇ ಸೂಪರ್‌ಹೀರೋ ಯಾರು?

ಸಾಮಾನ್ಯವಾಗಿ ಹೇಳುವ ಹೆಸರು ಮಾರ್ವೆಲ್‌ನ ನಾರ್ತ್‌ಸ್ಟಾರ್. ಕೆನಡಾದವನು, ಬಹಳ ವೇಗವಾಗಿ ಹಾರಬಲ್ಲ. 1979ರಲ್ಲಿ ಮೊದಲು ಕಾಣಿಸಿಕೊಂಡ. ಸೃಷ್ಟಿಕರ್ತ ಜಾನ್ ಬರ್ನ್ ಮನಸ್ಸಿನಲ್ಲಿ ಅವನು ಮೊದಲಿಂದಲೂ ಗೇ. ಹಾಗೆ ಬರೆಯಲು ಆಗುತ್ತಿರಲಿಲ್ಲ, ಸುಳಿವು ಮಾತ್ರ ಬಿಡುತ್ತಿದ್ದರು. 1992ರಲ್ಲಿ ‘ಆಲ್ಫಾ ಫ್ಲೈಟ್’ನ 106ನೇ ಸಂಚಿಕೆಯಲ್ಲಿ ಅವನು ಬಾಯಿಬಿಟ್ಟು ಹೇಳಿದ.

ಆ ಸಂಚಿಕೆ ಕಲೆಯ ದೃಷ್ಟಿಯಿಂದ ಅಂಥ ಚೆನ್ನಾಗಿಲ್ಲ. ಆದರೆ ಸಂದರ್ಭ ನೋಡಿ. ಅವನು ಏಡ್ಸ್ ಇರುವ ಒಂದು ಅನಾಥ ಕೂಸನ್ನು ಸಾಕಿಕೊಂಡಿದ್ದಾನೆ. ಇಡೀ ದೇಶ ಆ ಕೂಸಿಗಾಗಿ ಮರುಗುತ್ತದೆ. ಆಗ ಒಬ್ಬ ಮುದಿ ಹೀರೋ ಸಿಟ್ಟಿನಿಂದ ನುಗ್ಗುತ್ತಾನೆ. ಅವನ ಮಗನೂ ಏಡ್ಸ್‌ನಿಂದ ಸತ್ತಿದ್ದ. ಮಗ ಗೇ ಆಗಿದ್ದರಿಂದ ಅವನಿಗಾಗಿ ಯಾರೂ ಅಳಲಿಲ್ಲ. ಇಬ್ಬರೂ ಹೊಡೆದಾಡುತ್ತಾರೆ. ಆ ಹೊಡೆದಾಟದ ನಡುವೆ ನಾರ್ತ್‌ಸ್ಟಾರ್ ತಾನು ಯಾರು ಅಂತ ಹೇಳುತ್ತಾನೆ. ಏಡ್ಸ್‌ನಲ್ಲಿ ಗೆಳೆಯರನ್ನು ಕಳೆದುಕೊಳ್ಳುತ್ತಿದ್ದ ಕಾಲದ ಓದುಗರಿಗೆ ಆ ಮುದುಕನ ದುಃಖ ಹೇಗೆ ತಟ್ಟಿರಬೇಕು!

2012ರಲ್ಲಿ ನಾರ್ತ್‌ಸ್ಟಾರ್ ತನ್ನ ಗೆಳೆಯ ಕೈಲ್‌ನನ್ನು ಮದುವೆಯಾದ. ಅದರ ಹಿಂದಿನ ವರ್ಷವಷ್ಟೇ ನ್ಯೂಯಾರ್ಕ್ ರಾಜ್ಯದಲ್ಲಿ ಸಲಿಂಗ ಮದುವೆ ಕಾನೂನುಬದ್ಧ ಆಗಿತ್ತು.

ಎಕ್ಸ್-ಮೆನ್ ಕಥೆಯೇ ಸಲಿಂಗಿಗಳ ಬಗ್ಗೆ ಅಂತ ಕೆಲವರು ಹೇಳ್ತಾರೆ. ನಿಜಾನಾ?

1963ರಲ್ಲಿ ಶುರುವಾದಾಗ ಹಾಗಿರಲಿಲ್ಲ. ಹುಟ್ಟಿನಿಂದಲೇ ಬೇರೆಯಾಗಿರುವ, ಅದಕ್ಕಾಗಿ ಜನ ದ್ವೇಷಿಸುವ ಹುಡುಗ-ಹುಡುಗಿಯರ ಕಥೆ ಅದು. ಅವರನ್ನು ‘ಮ್ಯೂಟಂಟ್’ ಅನ್ನುತ್ತಾರೆ. ಯಾವ ಹೊರಗಿನವರು ಬೇಕಾದರೂ ತಮ್ಮನ್ನು ಅಲ್ಲಿ ಕಾಣಬಹುದು. ಸಲಿಂಗಿ ಓದುಗರಿಗೆ ಅದು ಹೆಚ್ಚು ಹತ್ತಿರವಾಗಲು ಕಾರಣ ಇದೆ. ಜಾತಿ, ಬಣ್ಣ, ಧರ್ಮ ಸಾಮಾನ್ಯವಾಗಿ ಮನೆಯವರದ್ದೆಲ್ಲ ಒಂದೇ. ಮ್ಯೂಟಂಟ್ ಆದವನು ಮಾತ್ರ ತನ್ನ ಮನೆಯಲ್ಲೇ ಒಂಟಿ, ಹದಿಹರೆಯದಲ್ಲಿ ಗೊತ್ತಾಗುತ್ತದೆ, ಅಪ್ಪ-ಅಮ್ಮನಿಗೆ ಹೇಳಬೇಕಾಗುತ್ತದೆ. 2003ರ ಸಿನಿಮಾದಲ್ಲಿ ಎಕ್ಸ್-ಮೆನ್ ತಂಡದ ಐಸ್‌ಮನ್‌ನ ತಾಯಿ, ಮ್ಯೂಟಂಟ್ ಆಗದೇ ಇರಲು ಪ್ರಯತ್ನಪಟ್ಟು ನೋಡಿದ್ದೀಯಾ ಅಂತ ಮಗನನ್ನು ಕೇಳುತ್ತಾಳೆ. ಎಷ್ಟೋ ಮನೆಗಳಲ್ಲಿ ಕೇಳಿದ ಮಾತೇ ಅದು, ಅಲ್ವಾ? ಅದೇ ಐಸ್‌ಮನ್ ತಾನು ಗೇ ಅಂತ ಕಾಮಿಕ್ಸ್‌ನಲ್ಲಿ ಹೇಳಿದ್ದು 2015ರಲ್ಲಿ.

ರೂಪಕ ಒಳ್ಳೆಯದೇ. ಆದರೆ ರೂಪಕದಲ್ಲೇ ಅಷ್ಟು ವರ್ಷ ಕಾಯಿಸಿದ್ದು ನನಗೆ ಸರಿ ಕಾಣುವುದಿಲ್ಲ.

ಆರ್ಚಿ ಕಾಮಿಕ್ಸ್‌ನಲ್ಲೂ ಗೇ ಪಾತ್ರ ಇದೆಯಂತೆ. ನಾವು ಓದೋವಾಗ ಇರಲಿಲ್ವಲ್ಲ?

2010ರಲ್ಲಿ ಬಂದ. ಹೆಸರು ಕೆವಿನ್ ಕೆಲ್ಲರ್, ಬರೆದವರು ಡ್ಯಾನ್ ಪೇರೆಂಟ್. ಆರ್ಚಿಯ ಊರು ರಿವರ್‌ಡೇಲ್‌ಗೆ ಹೊಸ ಹುಡುಗ ಬರುತ್ತಾನೆ. ವೆರೋನಿಕಾ ಅವನ ಹಿಂದೆ ಬೀಳುತ್ತಾಳೆ. ಅವನು ಜಗ್‌ಹೆಡ್‌ಗೆ ತಾನು ಗೇ ಅಂತ ಸಲೀಸಾಗಿ ಹೇಳಿಬಿಡುತ್ತಾನೆ. ಜಗ್‌ಹೆಡ್ ಸುದ್ದಿಯನ್ನು ವೆರೋನಿಕಾಗೆ ತಕ್ಷಣ ಹೇಳುವುದಿಲ್ಲ, ಅವಳ ಪಾಡು ನೋಡಿ ಮಜಾ ತೆಗೆದುಕೊಳ್ಳುತ್ತಾನೆ. ಕೆವಿನ್‌ನನ್ನು ಯಾರೂ ಗೇಲಿ ಮಾಡುವುದಿಲ್ಲ. ಆ ಸಂಚಿಕೆ ಖಾಲಿಯಾಗಿ ಮರುಮುದ್ರಣವಾಯಿತು. 2012ರಲ್ಲಿ ಅವನ ಮದುವೆಯ ಸಂಚಿಕೆ ಬಂದಾಗ ಒಂದು ಗುಂಪು ಆಟಿಕೆ ಅಂಗಡಿಗಳಿಂದ ಅದನ್ನು ತೆಗೆಸಬೇಕೆಂದು ಗಲಾಟೆ ಮಾಡಿತು. ಅದೂ ಪೂರ್ತಿ ಮಾರಾಟವಾಯಿತು.

ಬೆಟ್ಟಿ ಮತ್ತು ವೆರೋನಿಕಾ ನಡುವೆ ಆರ್ಚಿಯ ಪರದಾಟವನ್ನೇ ದಶಕಗಟ್ಟಲೆ ನಡೆಸಿದ ಸರಣಿ ಇದು. ಅಂಥ ಕಡೆ ಒಬ್ಬ ಹುಡುಗ ಯಾವ ದುರಂತವೂ ಇಲ್ಲದೆ ಗೇ ಆಗಿರುವುದು ದೊಡ್ಡ ಮಾತು.

ಸೂಪರ್‌ಮನ್ ಈಗ ಗೇ ಆಗಿಬಿಟ್ಟನಾ?

ಇಲ್ಲ. ಕ್ಲಾರ್ಕ್ ಕೆಂಟ್ ಈಗಲೂ ಲೋಯಿಸ್ ಲೇನ್‌ಳ ಗಂಡ. ಅವರ ಮಗ ಜಾನ್ ಕೆಂಟ್ ಕೂಡ ಸೂಪರ್‌ಮನ್ ಹೆಸರು ಹೊತ್ತಿದ್ದಾನೆ. ಅವನು ಬೈಸೆಕ್ಶುವಲ್ ಎಂದು 2021ರ ಅಕ್ಟೋಬರ್‌ನಲ್ಲಿ ಡಿಸಿ ಪ್ರಕಟಿಸಿತು. ಬರೆದವರು ಟಾಮ್ ಟೇಲರ್.

ಹಳೇ ಪಾತ್ರಗಳನ್ನ ಯಾಕೆ ಬದಲಾಯಿಸಬೇಕು? ಹೊಸ ಪಾತ್ರ ಮಾಡ್ಲಿ ಬಿಡಿ.

ಕೇಳಲು ನ್ಯಾಯವಾಗಿಯೇ ಇದೆ. ಆದರೆ ಈ ಉದ್ಯಮ ಹೇಗೆ ನಡೆಯುತ್ತದೆ ಅಂತ ನೋಡಬೇಕು. 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಸೂಪರ್‌ಮನ್‌ನ ಹಕ್ಕನ್ನು 130 ಡಾಲರಿಗೆ ಮಾರಿಬಿಟ್ಟರು. ಕಂಪನಿ ಅದರಲ್ಲಿ ಕೋಟಿಗಟ್ಟಲೆ ಗಳಿಸಿತು. ಅದನ್ನು ಕಂಡ ಕಲಾವಿದರು ತಮ್ಮ ಒಳ್ಳೆಯ ಹೊಸ ಪಾತ್ರವನ್ನು ದೊಡ್ಡ ಕಂಪನಿಗೆ ಸುಲಭವಾಗಿ ಕೊಡುವುದಿಲ್ಲ. ಹೊಸ ಹೆಸರನ್ನು ಅಂಗಡಿಯಲ್ಲಿ ಕೊಳ್ಳುವವರೂ ಕಡಿಮೆ. ಹಾಗಾಗಿ ಹಳೆಯ ಹೆಸರಿಗೇ ಹೊಸ ಕಥೆ ಬರುತ್ತದೆ. 2012ರಲ್ಲಿ ಮೊದಲ ಗ್ರೀನ್ ಲ್ಯಾಂಟರ್ನ್ ಆಲನ್ ಸ್ಕಾಟ್‌ನನ್ನು ಹೊಸ ಸರಣಿಯಲ್ಲಿ ಗೇ ಮಾಡಿದ್ದು ಹೀಗೆ.

ಇನ್ನೊಂದು ಮಾತು. ನಡುವಯಸ್ಸಿನಲ್ಲಿ ಮೊದಲ ಸಲ ಹೇಳಿಕೊಳ್ಳುವ ನಿಜವಾದ ಜನರೂ ಇದ್ದಾರೆ. ಅವರ ಹಳೆಯ ಬದುಕು ಅದರಿಂದ ಸುಳ್ಳಾಗುವುದಿಲ್ಲ.

ಇದೆಲ್ಲ ಬರೀ ಪ್ರಚಾರಕ್ಕೆ ಮಾಡೋದು ಅಂತ ನನಗನ್ನಿಸುತ್ತೆ. ತಪ್ಪಾ?

ಅರ್ಧ ಸರಿ. ಬ್ಯಾಟ್‌ವುಮನ್ ಕಥೆ ಕೇಳಿ. ವರ್ಥಮ್ ಹುಟ್ಟಿಸಿದ ಗುಮಾನಿ ಹೋಗಲಾಡಿಸಲು, ಬ್ಯಾಟ್‌ಮನ್‌ಗೆ ಒಬ್ಬ ಹುಡುಗಿ ಇರಲಿ ಅಂತ 1956ರಲ್ಲಿ ಅವಳನ್ನು ತಂದರು ಎಂದು ಕಾಮಿಕ್ಸ್ ಇತಿಹಾಸ ಬರೆದವರು ಹೇಳುತ್ತಾರೆ. 50 ವರ್ಷದ ನಂತರ, 2006ರಲ್ಲಿ, ಅದೇ ಹೆಸರಿನಲ್ಲಿ ಕೇಟ್ ಕೇನ್ ಎಂಬ ಲೆಸ್ಬಿಯನ್ ಬಂದಳು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಆದರೆ ಅವಳಿಗೆ ಗಟ್ಟಿ ಕಥೆ ಸಿಕ್ಕಿದ್ದು 2009ರಲ್ಲಿ, ಗ್ರೆಗ್ ರುಕಾ ಮತ್ತು ಜೆ.ಎಚ್. ವಿಲಿಯಮ್ಸ್ ಕೈಯಲ್ಲಿ. ಅಲ್ಲಿ ಕೇಟ್ ಸೈನಿಕ ಅಕಾಡೆಮಿಯ ವಿದ್ಯಾರ್ಥಿನಿ. ಸುಳ್ಳು ಹೇಳಿದ್ದರೆ ಉಳಿಯಬಹುದಿತ್ತು. ಹೇಳುವುದಿಲ್ಲ, ಸಮವಸ್ತ್ರ ಕಳಚಿ ಹೊರಡುತ್ತಾಳೆ. ಸಲಿಂಗಿ ಅಂತ ಹೇಳಿಕೊಂಡವರು ಸೈನ್ಯದಲ್ಲಿ ಇರುವ ಹಾಗಿಲ್ಲ ಅನ್ನುವುದು ಅಮೆರಿಕದಲ್ಲಿ ಆಗ ನಿಜವಾಗಿ ಇದ್ದ ನಿಯಮ.

2013ರಲ್ಲಿ ಆ ಸರಣಿಯ ಬರಹಗಾರರು ಬಿಟ್ಟು ಹೋದರು. ಕೇಟ್‌ಳ ಮದುವೆ ತೋರಿಸಲು ಸಂಪಾದಕರು ಬಿಡಲಿಲ್ಲ ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಹೀರೋಗಳಿಗೆ ಸುಖ ಸಂಸಾರ ಇರಬಾರದು, ಅದು ಎಲ್ಲರಿಗೂ ಒಂದೇ ಎಂದು ಕಂಪನಿ ಹೇಳಿತು. ಪಾತ್ರವನ್ನು ಪ್ರಕಟಿಸುವುದು ಸುಲಭ. ಅವಳಿಗೆ ವರ್ಷಗಟ್ಟಲೆ ಒಳ್ಳೆಯ ಕಥೆ ಕೊಡುವುದು ಕಷ್ಟ. ಸುದ್ದಿ ತಣ್ಣಗಾದ ಮೇಲೆ ಆ ಪಾತ್ರಕ್ಕೆ ಏನಾಯಿತು ಅಂತ ನೋಡಿ, ಆಗ ಕಂಪನಿಯ ಮನಸ್ಸು ಗೊತ್ತಾಗುತ್ತದೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಸೂಪರ್‌ಹೀರೋ ಬೇಡ. ಒಂದೇ ಒಂದು ಪುಸ್ತಕ ಓದೋದಾದ್ರೆ ಯಾವುದು?

ಆಲಿಸನ್ ಬೆಕ್ಡೆಲ್ ಅವರ ‘ಫನ್ ಹೋಮ್’, 2006. ಲೆಸ್ಬಿಯನ್ ಮಗಳು, ಗುಟ್ಟಾಗಿ ಸಲಿಂಗಿಯಾಗಿದ್ದ ಅಪ್ಪ, ಅಪ್ಪನ ಸಾವು. ಬೆಕ್ಡೆಲ್ ಅವರದ್ದೇ ಮನೆಯ ಕಥೆ. ಪ್ರತಿ ಭಂಗಿಗೂ ತಾವೇ ನಿಂತು, ಫೋಟೊ ತೆಗೆದುಕೊಂಡು, ಅದನ್ನು ನೋಡಿ ಚಿತ್ರ ಬರೆಯುವುದು ಅವರ ಪದ್ಧತಿ. ಪುಸ್ತಕಕ್ಕೆ ಏಳು ವರ್ಷ ಹಿಡಿಯಿತು.

ಪುಸ್ತಕದ ನಡುಮಧ್ಯೆ ಎರಡು ಪುಟ ತುಂಬ ಒಂದೇ ಚಿತ್ರ. ಮಗಳ ಎಡಗೈ, ಆ ಕೈಯಲ್ಲಿ ಒಂದು ಫೋಟೊ. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಹುಡುಗ ಒಳಚಡ್ಡಿಯಲ್ಲಿ ಹೋಟೆಲ್ ಹಾಸಿಗೆ ಮೇಲೆ ಮಲಗಿದ್ದಾನೆ. ತೆಗೆದದ್ದು ಅಪ್ಪ. ಫೋಟೊ ಅಂಚಿನಲ್ಲಿ ತಿಂಗಳು ಮತ್ತು ವರ್ಷ ಅಚ್ಚಾಗಿದೆ. ಅಪ್ಪ ವರ್ಷದ ಮೇಲೆ ಮಾತ್ರ ಮಾರ್ಕರ್ ಪೆನ್ನಿನಿಂದ ಗೀಚಿದ್ದಾನೆ, ತಿಂಗಳನ್ನು ಬಿಟ್ಟಿದ್ದಾನೆ. ಫೋಟೊವನ್ನು ಎಸೆದಿಲ್ಲ, ಮನೆಯವರ ಪ್ರವಾಸದ ಫೋಟೊಗಳ ಜೊತೆಯೇ ಇಟ್ಟಿದ್ದಾನೆ. ಮಗಳು ಅದನ್ನೇ ನೋಡುತ್ತಾ ಅಪ್ಪ ಯಾಕೆ ಹೀಗೆ ಮಾಡಿದ ಅಂತ ಯೋಚಿಸುತ್ತಾಳೆ. ಉಳಿದ ಪುಟಗಳ ಸರಳ ಗೆರೆ ಇಲ್ಲಿಲ್ಲ. ದಟ್ಟವಾಗಿ ಗೆರೆ ಮೇಲೆ ಗೆರೆ ಎಳೆದು ನಿಜವಾದ ಫೋಟೊದಂತೆ ಮಾಡಿದ್ದಾರೆ. ಆ ಕೈಯೂ ದೊಡ್ಡದಾಗಿದೆ, ನಾವೇ ಹಿಡಿದಂತೆ ಕಾಣುತ್ತದೆ. ಕಾಮಿಕ್ಸ್ ಏನು ಮಾಡಬಲ್ಲದು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಎರಡು ಪುಟಗಳನ್ನೇ.

‘ಬೆಕ್ಡೆಲ್ ಟೆಸ್ಟ್’ ಇವರದ್ದೇನಾ?

ಹೌದು. ಅವರ ಹಳೆಯ ಸರಣಿಯ 1985ರ ಒಂದು ಚಿತ್ರಪಟ್ಟಿಯಲ್ಲಿ ಒಬ್ಬಳು ಹೇಳುತ್ತಾಳೆ: ಸಿನಿಮಾದಲ್ಲಿ ಇಬ್ಬರಾದರೂ ಹೆಂಗಸರಿರಬೇಕು, ಅವರು ಪರಸ್ಪರ ಮಾತಾಡಬೇಕು, ಗಂಡಸಿನ ವಿಷಯ ಬಿಟ್ಟು ಬೇರೆ ಏನಾದರೂ ಮಾತಾಡಬೇಕು. ಆ ಯೋಚನೆ ಗೆಳತಿ ಲಿಜ್ ವಾಲೇಸ್ ಅವರದ್ದು ಎಂದು ಬೆಕ್ಡೆಲ್ ಯಾವಾಗಲೂ ಹೇಳುತ್ತಾರೆ.

ಜಪಾನಿನ ಬಿಎಲ್ (ಬಾಯ್ಸ್ ಲವ್) ಮಾಂಗಾ ಇಷ್ಟು ಜನ ಓದ್ತಾರೆ. ಅದನ್ನ ಸಲಿಂಗಿಗಳ ಕಥೆ ಅನ್ನಬಹುದಾ?

ಗಂಡು-ಗಂಡಿನ ಪ್ರೀತಿಯ ಕಥೆಗಳೇ. ಆದರೆ ಬೇರು ಬೇರೆ. 1970ರ ದಶಕದಲ್ಲಿ ಮೊಟೊ ಹಾಗಿಯೊ, ಕೇಕೊ ತಾಕೆಮಿಯಾ ಅವರಂಥ ಕಲಾವಿದೆಯರು ಹುಡುಗಿಯರ ಪತ್ರಿಕೆಗಳಲ್ಲಿ ಬೆಳೆಸಿದ ಪ್ರಕಾರ ಅದು. ಬರೆದವರೂ ಓದಿದವರೂ ಹೆಚ್ಚಾಗಿ ಹೆಂಗಸರು. ಗೇ ಗಂಡಸರು ತಾವೇ ಬರೆದದ್ದು ಬೇಕಾದರೆ ಗೆಂಗೊರೊ ತಾಗಾಮೆ ಅವರನ್ನು ಓದಿ. ‘ಮೈ ಬ್ರದರ್ಸ್ ಹಸ್ಬೆಂಡ್’ ಮನೆಯವರೆಲ್ಲ ಓದಬಹುದಾದ ಪುಸ್ತಕ. ತೀರಿಹೋದ ತಮ್ಮನ ಗಂಡ ಕೆನಡಾದಿಂದ ಮನೆಗೆ ಬರುತ್ತಾನೆ. ಅಣ್ಣನಿಗೆ ಮುಜುಗರ. ಅವನ ಪುಟ್ಟ ಮಗಳಿಗೆ ಯಾವ ಮುಜುಗರವೂ ಇಲ್ಲ, ಅವಳಿಗೆ ಇನ್ನೊಬ್ಬ ಚಿಕ್ಕಪ್ಪ ಸಿಕ್ಕಿದ ಖುಷಿ.

ಇವತ್ತಿನ ಕಾಲದಲ್ಲೂ ಕಾಮಿಕ್ಸ್ ನಿಷೇಧ ಮಾಡ್ತಾರಾ?

ಮಾಡುತ್ತಾರೆ. ಕೆವಿನ್ ಕೆಲ್ಲರ್ ಮದುವೆ ಇದ್ದ ಆರ್ಚಿ ಸಂಪುಟವನ್ನು ಸಿಂಗಪುರ ಮಾರಾಟದಿಂದ ತೆಗೆಸಿತು, ಅದು 2014ರಲ್ಲಿ ಸುದ್ದಿಯಾಯಿತು. ಅಮೆರಿಕದಲ್ಲಿ ಮಾಯಾ ಕೊಬಾಬೆ ಅವರ ಚಿತ್ರರೂಪದ ಆತ್ಮಕಥೆ ‘ಜೆಂಡರ್ ಕ್ವಿಯರ್’ ಬಗ್ಗೆ ಶಾಲೆ, ಗ್ರಂಥಾಲಯಗಳಲ್ಲಿ ಭಾರಿ ತಕರಾರು ನಡೆಯಿತು. 2021ರಲ್ಲಿ ಅತಿ ಹೆಚ್ಚು ಆಕ್ಷೇಪ ಬಂದ ಪುಸ್ತಕ ಅದೇ ಎಂದು ಅಲ್ಲಿನ ಗ್ರಂಥಾಲಯ ಸಂಘ ದಾಖಲಿಸಿದೆ.

ನನಗೆ ಮರೆಯಲಾಗದ್ದು ಬ್ರೆಜಿಲ್. 2019ರಲ್ಲಿ ರಿಯೊ ಪುಸ್ತಕ ಮೇಳದಲ್ಲಿ ಅವೆಂಜರ್ಸ್‌ನ ಒಂದು ಪುಸ್ತಕದಲ್ಲಿ ವಿಕನ್ ಮತ್ತು ಹಲ್ಕ್‌ಲಿಂಗ್ ಎಂಬ ಇಬ್ಬರು ಹುಡುಗರು ಮುತ್ತಿಡುವ ಚಿತ್ರ ಇತ್ತು. ಮೇಯರ್ ಅದನ್ನು ತೆಗೆಸಲು ಹೊರಟ. ‘ಫೋಲ್ಹಾ’ ಪತ್ರಿಕೆ ಮುತ್ತಿನ ಚಿತ್ರವನ್ನೇ ಮುಖಪುಟದಲ್ಲಿ ಅಚ್ಚು ಹಾಕಿತು. ಒಬ್ಬ ಯೂಟ್ಯೂಬರ್ ಇಂಥ ಸಾವಿರಾರು ಪುಸ್ತಕ ಕೊಂಡು ಮೇಳದಲ್ಲಿ ಪುಕ್ಕಟೆ ಹಂಚಿದ. ಕೊನೆಗೆ ಸುಪ್ರೀಂ ಕೋರ್ಟ್ ಮೇಯರನ ಪ್ರಯತ್ನಕ್ಕೆ ತಡೆ ಹಾಕಿತು.

ನಮ್ಮ ದೇಶದಲ್ಲಿ ಇಂಥ ಪುಸ್ತಕ ಬಂದಿದೆಯಾ?

ಬಂದಿದೆ. ಅಮೃತಾ ಪಾಟೀಲರ ‘ಕರಿ’, 2008, ಇಂಗ್ಲಿಷಿನಲ್ಲಿ. ಮಹಾನಗರದ ಜಾಹೀರಾತು ಕಚೇರಿಯಲ್ಲಿ ಕೆಲಸ ಮಾಡುವ, ಹುಡುಗಿಯನ್ನು ಪ್ರೀತಿಸಿ ಕಳೆದುಕೊಂಡ ಹುಡುಗಿಯ ಕಥೆ. ಆಗ ಸಲಿಂಗ ಸಂಬಂಧವನ್ನು ಅಪರಾಧ ಎನ್ನುವ 377ನೇ ಸೆಕ್ಷನ್ ಪೂರ್ತಿ ಜಾರಿಯಲ್ಲಿತ್ತು. ಸುಪ್ರೀಂ ಕೋರ್ಟ್ ಅದನ್ನು ಸಡಿಲಿಸಿದ್ದು 2018ರ ಸೆಪ್ಟೆಂಬರ್ 6ರಂದು. ಅಂಥ ಕಾಲದಲ್ಲಿ ಬಂದ ಪುಸ್ತಕ ಅಂತ ನೆನಪಿಟ್ಟುಕೊಂಡು ಓದಿ. ಕನ್ನಡದ ಗದ್ಯದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲೇ ಆ ಬಾಗಿಲು ತೆರೆದಿದೆ. ಕನ್ನಡದಲ್ಲಿ ಚಿತ್ರ ಬರೆಯುವ ಹುಡುಗ-ಹುಡುಗಿಯರು ಅಲ್ಲಿಂದ ಮುಂದೆ ನಡೆಯಲಿ ಎಂಬುದು ನನ್ನ ಆಸೆ. ಮೇರಿ ವಿಂಗ್ಸ್‌ಗೆ ಪ್ರಕಾಶಕರೇ ಇರಲಿಲ್ಲ.

ನನ್ನ ಮಗಳು ಹಾರ್ಟ್‌ಸ್ಟಾಪರ್ ಓದ್ತಿದ್ದಾಳೆ. ತಡೀಬೇಕಾ?

ಬೇಡ. ಇಂಗ್ಲೆಂಡಿನ ಆಲಿಸ್ ಓಸ್ಮನ್ 2016ರಲ್ಲಿ ವೆಬ್‌ಕಾಮಿಕ್ ಆಗಿ ಶುರು ಮಾಡಿದ ಕಥೆ ಅದು. ಶಾಲೆಯ ಇಬ್ಬರು ಹುಡುಗರು, ಚಾರ್ಲಿ ಮತ್ತು ನಿಕ್, ಪ್ರೀತಿಸುತ್ತಾರೆ. ಮುಜುಗರ ಪಡುವಂಥ ದೃಶ್ಯಗಳಿಲ್ಲ. ಅದನ್ನು ಓದಿ ಯಾರೂ ಸಲಿಂಗಿ ಆಗುವುದಿಲ್ಲ. ವರ್ಥಮ್ ಹೇಳಿದ ಮಾತು ಆಗಲೂ ಸುಳ್ಳು, ಈಗಲೂ ಸುಳ್ಳು. ಆದರೆ ಒಂದು ವಿಷಯ ಗೊತ್ತಿರಲಿ. ನಾಲ್ಕನೇ ಸಂಪುಟದಲ್ಲಿ ಚಾರ್ಲಿ ಸರಿಯಾಗಿ ಊಟ ಮಾಡುವುದಿಲ್ಲ, ತನಗೆ ತಾನೇ ಗಾಯ ಮಾಡಿಕೊಳ್ಳುತ್ತಾನೆ, ಆಸ್ಪತ್ರೆ ಸೇರುತ್ತಾನೆ. ಆ ಭಾಗಕ್ಕೆ ಬರುವ ಮೊದಲು ನೀವೂ ಓದಿರಿ. ಆಮೇಲೆ ಮಗಳ ಜೊತೆ ಚಾರ್ಲಿ ಬಗ್ಗೆ ಮಾತಾಡಿ.